ಪರ್ಸು ಇಬ್ಬರದೂ ಇರಲಿ: ಬಾಲಿಗೆ ಹೊರಟ ನವದಂಪತಿಗಳಿಗೆ ಒಂದು ಬಹಿರಂಗ ಪತ್ರ

ಹನಿಮೂನಿಗೆಂದು ಬಾಲಿ ದ್ವೀಪಕ್ಕೆ ಹೊರಟಿರುವ ಎಲ್ಲ ಹೊಸ ದಂಪತಿಗಳಿಗೆ,



ಮದುವೆಯ ಸೀಸನ್ ಮುಗಿಯುವ ಹೊತ್ತಿಗೆ ನಮ್ಮ ಬ್ಯಾಂಕಿನ ವಿದೇಶಿ ವಿನಿಮಯದ ಕೌಂಟರಿಗೆ ನೀವು ಜೋಡಿ ಜೋಡಿಯಾಗಿ ಬರುತ್ತಿದ್ದಿರಿ. ಹುಡುಗ ಅರ್ಜಿ ತುಂಬುತ್ತಿದ್ದ, ಪ್ಯಾನ್ ಕಾರ್ಡ್ ತೋರಿಸುತ್ತಿದ್ದ, ಸಹಿ ಹಾಕುತ್ತಿದ್ದ. ಮೆಹಂದಿ ಮಾಸದ ಕೈಯಲ್ಲಿ ಫೋನ್ ಹಿಡಿದು ಹುಡುಗಿ ಪಕ್ಕದಲ್ಲಿ ಕೂತಿರುತ್ತಿದ್ದಳು. ಎಷ್ಟು ಡಾಲರ್ ಬೇಕು ಎಂದು ನಾನು ಇಬ್ಬರ ಮುಖವನ್ನೂ ನೋಡಿ ಕೇಳಿದರೂ ಉತ್ತರ ಬರುತ್ತಿದ್ದದ್ದು ಒಂದೇ ಕಡೆಯಿಂದ. ಆಗ ಏನಾದರೂ ಹೇಳೋಣವೆಂದರೆ ಹಿಂದೆ ಸಾಲು ನಿಂತಿರುತ್ತಿತ್ತು, ಗ್ರಾಹಕರಿಗೆ ಬುದ್ಧಿ ಹೇಳುವುದು ನಮ್ಮ ಕೆಲಸವೂ ಆಗಿರಲಿಲ್ಲ. ಈಗ ನಿವೃತ್ತಿಯಾಗಿದೆ, ಬಿಡುವಿದೆ. ನಿಮ್ಮ ತಾಯಿಯ ವಯಸ್ಸಿನವಳು ಎಂಬ ಸಲುಗೆಯಿಂದ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಆ ದ್ವೀಪದಲ್ಲಿ ನಿಮ್ಮ ಹತ್ತಿರ ಎಷ್ಟು ದುಡ್ಡಿದೆ, ಅದು ಎಲ್ಲೆಲ್ಲಿದೆ, ದಿನಕ್ಕೆ ಎಷ್ಟು ಹೋಗುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿರಬೇಕು. ಮುಂದೆ ಬರೆದಿರುವ ಸಲಹೆಗಳೆಲ್ಲ ಇದರ ವಿಸ್ತಾರವೇ.

ಬಾಲಿಯನ್ನೇ ಹೆಸರಿಸಿದ್ದಕ್ಕೆ ಕಾರಣವಿದೆ. 2024ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ನೇರ ವಿಮಾನ ಶುರುವಾಯಿತು. ಅದಕ್ಕೆ ಮೊದಲು ಸಿಂಗಪುರದಲ್ಲೋ ಕೌಲಾಲಂಪುರದಲ್ಲೋ ಇಳಿದು ಹತ್ತಬೇಕಿತ್ತು. ಊಟಿ, ಕೊಡೈಕೆನಾಲ್ ಎನ್ನುತ್ತಿದ್ದ ಹಾಸನ, ಮಂಡ್ಯ, ತುಮಕೂರಿನ ಹುಡುಗರು ಈಗ ಸಲೀಸಾಗಿ ಬಾಲಿ ಎನ್ನುತ್ತಾರೆ. ಬೇಡ ಎನ್ನುವವಳು ನಾನಲ್ಲ. ನಾನೂ ನಮ್ಮ ಯಜಮಾನರೂ ಹೋಗಿ ಬಂದಿದ್ದೇವೆ. ತೆಗಲಲಾಂಗ್‌ನ ಮೆಟ್ಟಿಲು ಗದ್ದೆಗಳ ಬದುವಿನ ಮೇಲೆ ನಿಂತು, ನಮ್ಮ ಕಡೆ ತೂಬಿನ ನೀರಿಗೆ ಆಗುವ ಜಗಳಗಳನ್ನು ನೆನೆದು ನಕ್ಕಿದ್ದೇವೆ. ನೀರು ಹಂಚಿಕೊಳ್ಳಲು ಅಲ್ಲಿಯ ರೈತರು ಕಟ್ಟಿಕೊಂಡ ‘ಸುಬಾಕ್’ ಪದ್ಧತಿಯನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನೋಡಬೇಕಾದ ಊರು. ಹೋಗಿ.

ಆದರೆ ಹೊರಡುವ ಮುನ್ನ, ಟಿಕೆಟ್‌ಗಿಂತಲೂ ಮುನ್ನ, ಈ ದುಡ್ಡು ಯಾರದು ಎಂದು ಮಾತಾಡಿಕೊಳ್ಳಿ. ನಾನು ಕಂಡ ಮಟ್ಟಿಗೆ ಹನಿಮೂನಿನ ಖರ್ಚು ಬರುವುದು ಮೂರು ಕಡೆಯಿಂದ: ಹುಡುಗನ ಉಳಿತಾಯ, ಅಪ್ಪನ ಉಡುಗೊರೆ, ಮದುವೆಯಲ್ಲಿ ಬಂದ ಮುಯ್ಯಿ. ಮುಯ್ಯಿ ದುಡ್ಡಿನ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಹೇಳುತ್ತೇನೆ. ಯಾರು ಎಷ್ಟು ಹಾಕಿದರು ಎಂದು ಮನೆಯಲ್ಲಿ ಯಾರೋ ಒಬ್ಬರು ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ಅವರ ಮನೆಯ ಮದುವೆ, ಗೃಹಪ್ರವೇಶ, ನಾಮಕರಣಕ್ಕೆ ನೀವು ಅಷ್ಟನ್ನಾದರೂ ಹಾಕಲೇಬೇಕು. ಆ ಕವರುಗಳನ್ನು ಒಡೆದು ಪೂರ್ತಿ ಖರ್ಚು ಮಾಡಿದರೆ ಮುಂದಿನ ಹತ್ತು ವರ್ಷದ ಶ್ರಾವಣ, ಮಾಘಗಳಲ್ಲಿ ಅದನ್ನು ಸಂಬಳದಿಂದ ತೀರಿಸುತ್ತಾ ಇರುತ್ತೀರಿ. ಅರ್ಧ ತೆಗೆದಿಡಿ. ಇನ್ನು ‘ಈಗ ಹೋಗಿ ಬನ್ನಿ, ಆಮೇಲೆ ಕಂತಿನಲ್ಲಿ ಕಟ್ಟಿ’ ಎನ್ನುವ ಪ್ರವಾಸ ಸಾಲದ ವಿಷಯ. ಮನೆ ಹೂಡುವ ವರ್ಷವೇ ಅಡ್ವಾನ್ಸ್, ಫ್ರಿಜ್ಜು, ಗ್ಯಾಸು ಎಂದು ಖರ್ಚು ಬಾಯ್ತೆರೆದು ನಿಂತಿರುತ್ತದೆ. ಅದರ ಮೇಲೆ ಇದೊಂದು ಕಂತು ಯಾಕೆ? ಬ್ಯಾಂಕಿನಲ್ಲಿ ಜೀವನ ಸವೆಸಿದವಳಾಗಿಯೇ ಹೇಳುತ್ತೇನೆ, ಸಾಲ ಮಾಡಿ ಹನಿಮೂನಿಗೆ ಹೋಗಬೇಡಿ. ಆರು ತಿಂಗಳು ತಡವಾಗಿ ಹೋದರೂ ಬಾಲಿ ಅಲ್ಲೇ ಇರುತ್ತದೆ.

ಪ್ಯಾಕೇಜ್ ಕೊಳ್ಳುವವರಿಗೆ ಇನ್ನೊಂದು ಮಾತು. ಏಜೆಂಟರು ಬಿಲ್ಲಿನ ಕೊನೆಗೆ ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಎಂದು ಸೇರಿಸುತ್ತಾರೆ. ಅದರ ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತಾ ಬಂದಿದೆ, ಈಗಿನದೆಷ್ಟು ಎಂದು ಕೇಳಿಯೇ ಕಟ್ಟಿ. ಆ ಹಣ ನಿಮ್ಮ ಆದಾಯ ತೆರಿಗೆ ಲೆಕ್ಕಕ್ಕೆ ಜಮೆಯಾಗುತ್ತದೆ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಆದರೆ ಜಮೆಯಾಗುವುದು ಯಾರ ಪ್ಯಾನ್ ಕೊಟ್ಟಿರೋ ಅವರಿಗೆ. ಮಾವನವರ ಪ್ಯಾನ್ ಕೊಟ್ಟು, ಅವರು ರಿಟರ್ನ್ ಹಾಕುವವರೇ ಅಲ್ಲದಿದ್ದರೆ, ಆ ದುಡ್ಡು ಅಲ್ಲೇ ಕೂತಿರುತ್ತದೆ.

ಬಾಲಿಯಲ್ಲಿ ಇಳಿದ ಕೂಡಲೇ ತಪ್ಪಿಸಿಕೊಳ್ಳಲಾಗದ ಎರಡು ಖರ್ಚುಗಳಿವೆ. ಒಂದು, ಇಳಿದಾಗ ಪಡೆಯುವ ವೀಸಾ. ತಲೆಗೆ 5,00,000 ರುಪಿಯಾ (ಇಂಡೊನೇಷ್ಯಾದ ಹಣ), 30 ದಿನದ್ದು. ಇನ್ನೊಂದು, ವಿದೇಶಿ ಪ್ರವಾಸಿಗರ ಮೇಲೆ ಬಾಲಿ ಪ್ರಾಂತ್ಯ ಹಾಕುವ ಶುಲ್ಕ, ತಲೆಗೆ 1,50,000 ರುಪಿಯಾ. ಇದನ್ನು ಶುರು ಮಾಡಿದ್ದು 2024ರ ಫೆಬ್ರವರಿ 14ರಂದು. ಪ್ರೇಮಿಗಳ ದಿನವನ್ನೇ ಯಾಕೆ ಆರಿಸಿದರೋ, ನವದಂಪತಿಗಳು ಗಟ್ಟಿ ಗಿರಾಕಿಗಳೆಂದು ಗೊತ್ತಿತ್ತೇನೋ! ಇಬ್ಬರಿಗೂ ಸೇರಿ 13 ಲಕ್ಷ ರುಪಿಯಾ, ಅಂದರೆ ನಮ್ಮ ಏಳು ಸಾವಿರ ರೂಪಾಯಿಯ ಆಸುಪಾಸು. ಪ್ಯಾಕೇಜಿನವರು ಇದನ್ನು ಸೇರಿಸಿದ್ದಾರೋ ಇಲ್ಲವೋ ನೋಡಿಕೊಳ್ಳಿ. ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕಟ್ಟುವುದಾದರೆ ಸರ್ಕಾರದ ಜಾಲತಾಣದಲ್ಲೇ ಕಟ್ಟಿ. ಅದೇ ರೂಪದಲ್ಲಿ ಕಾಣುವ, ಹೆಚ್ಚು ದುಡ್ಡು ಕೇಳುವ ತಾಣಗಳೂ ಇವೆ.

‘13 ಲಕ್ಷ’ ಎಂದು ಓದಿ ಒಂದು ಕ್ಷಣ ಎದೆ ಝಲ್ ಎಂದಿತಲ್ಲ? ಬಾಲಿಯಲ್ಲಿ ದಿನವಿಡೀ ಆಗುವುದು ಇದೇ. ಸಾವಿರ ರುಪಿಯಾ ಎಂದರೆ ಈಗಿನ ದರದಲ್ಲಿ ನಮ್ಮ ಐದೂವರೆ ರೂಪಾಯಿಯ ಹತ್ತಿರ. ಕೊನೆಯ ಮೂರು ಸೊನ್ನೆ ತೆಗೆದುಹಾಕಿ ಉಳಿದದ್ದನ್ನು ಐದೂವರೆಯಿಂದ ಗುಣಿಸಿದರೆ ರೂಪಾಯಿ ಸಿಗುತ್ತದೆ. ಮೆನುವಿನಲ್ಲಿ ‘35’ ಎಂದೋ ‘35ಕೆ’ ಎಂದೋ ಬರೆದಿದ್ದರೆ ಅದು 35,000 ರುಪಿಯಾ, ನಮ್ಮ ನೂರ ತೊಂಬತ್ತು ರೂಪಾಯಿ ಚಿಲ್ಲರೆ. ಅಲ್ಲಿಯವರು ಸಾವಿರಕ್ಕೆ ‘ರಿಬು’ ಎನ್ನುತ್ತಾರೆ, ಹತ್ತು ಲಕ್ಷಕ್ಕೆ ‘ಜುತಾ’. ಅಂಕಿಗಳ ನಡುವೆ ನಾವು ಕಾಮಾ ಹಾಕುವ ಕಡೆ ಅವರು ಚುಕ್ಕಿ ಇಡುತ್ತಾರೆ. 100.000 ಎಂದು ಕಂಡರೆ ಅದು ನೂರಲ್ಲ, ಒಂದು ಲಕ್ಷ. ಒಂದು ಲಕ್ಷದ ನೋಟು ಕೆಂಪು, ಐವತ್ತು ಸಾವಿರದ್ದು ನೀಲಿ. ಮೊದಲ ಸಂಜೆ ಕೋಣೆಯಲ್ಲಿ ಕೂತು ಎಲ್ಲ ನೋಟುಗಳನ್ನೂ ಹಾಸಿಗೆಯ ಮೇಲೆ ಹರಡಿ, ಒಬ್ಬರು ನೋಟು ಎತ್ತಿ ಹಿಡಿಯಿರಿ, ಇನ್ನೊಬ್ಬರು ರೂಪಾಯಿಯಲ್ಲಿ ಬೆಲೆ ಹೇಳಿ. ಕಾಲು ಗಂಟೆಯ ಆಟ, ಆದರೆ ಮರುದಿನ ಟ್ಯಾಕ್ಸಿಯವನಿಗೆ ಹತ್ತು ಸಾವಿರದ ಬದಲು ಲಕ್ಷದ ನೋಟು ಕೊಡುವುದು ತಪ್ಪುತ್ತದೆ.

ಈ ಸೊನ್ನೆಗಳು ಮನಸ್ಸಿನ ಮೇಲೂ ಕೆಲಸ ಮಾಡುತ್ತವೆ. ಮೊದಲ ದಿನ ಕಾಫಿಗೆ ನಲವತ್ತು ಸಾವಿರ ಎಂದು ಗಾಬರಿಯಾಗಿ ಕುಡಿಯದೆ ಎದ್ದು ಬರುತ್ತಾರೆ. ಮೂರನೆಯ ದಿನದ ಹೊತ್ತಿಗೆ ಲಕ್ಷ, ಹತ್ತು ಲಕ್ಷ ಎಲ್ಲ ಒಂದೇ ಆಗಿಬಿಟ್ಟು, ದುಡ್ಡು ದುಡ್ಡೆನಿಸದೆ ಹೋಗುತ್ತದೆ. ಹೆಚ್ಚು ಖರ್ಚಾಗುವುದು ಈ ಎರಡನೆಯ ಸ್ಥಿತಿಯಲ್ಲಿ.

(ಅಂದಹಾಗೆ, ಗಣೇಶನ ಚಿತ್ರವಿರುವ 20,000 ರುಪಿಯಾ ನೋಟಿನ ಫೋಟೊ ನಿಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಬಂದಿರುತ್ತದೆ. ನಿಜ, 1998ರಲ್ಲಿ ಅಂಥ ನೋಟು ಹೊರಬಂದಿತ್ತು. 2008ರ ಕೊನೆಯಲ್ಲಿ ಅದನ್ನು ಚಲಾವಣೆಯಿಂದ ತೆಗೆದರು. ಈಗ ಯಾರಾದರೂ ನಿಮ್ಮ ಕೈಗೆ ಅದನ್ನು ಕೊಟ್ಟರೆ ಪೂಜೆಗಿಡಬಹುದು, ಅಂಗಡಿಯಲ್ಲಿ ನಡೆಯುವುದಿಲ್ಲ.)

ದುಡ್ಡನ್ನು ಹೇಗೆ ಒಯ್ಯಬೇಕು ಎಂಬುದು ಕೌಂಟರಿನಲ್ಲಿ ನನಗೆ ಅತಿ ಹೆಚ್ಚು ಬರುತ್ತಿದ್ದ ಪ್ರಶ್ನೆ. ನೋಟಿನ ರೂಪದಲ್ಲಿ ಒಂದು ಪ್ರವಾಸಕ್ಕೆ ಒಬ್ಬರು 3,000 ಡಾಲರ್‌ವರೆಗೆ ಕೊಳ್ಳಬಹುದು. ನಗದು ರೂಪಾಯಿ ಕೊಟ್ಟು ಕೊಳ್ಳುವುದಾದರೆ 50,000 ರೂಪಾಯಿಯ ಮಿತಿ, ಅದಕ್ಕೆ ಮೇಲಿನದು ಖಾತೆಯಿಂದಲೇ ಹೋಗಬೇಕು. ಈ ಮಿತಿಗಳು ತಲೆಗೊಂದರಂತೆ, ಹೆಂಡತಿಗೂ ಅಷ್ಟೇ ಹಕ್ಕಿದೆ. ಅಷ್ಟೊಂದು ನೋಟು ಬೇಕಾಗುವುದೂ ಇಲ್ಲ. ಖರ್ಚಿನ ಮೂರನೆಯ ಒಂದು ಭಾಗ ನಗದು, ಉಳಿದದ್ದು ಕಾರ್ಡು ಎಂದರೆ ಸಾಕು. ಡಾಲರ್ ಒಯ್ಯುವುದಾದರೆ ನೂರರ ಗರಿಗರಿ ನೋಟುಗಳನ್ನೇ ಕೇಳಿ ಪಡೆಯಿರಿ. ಮಡಿಕೆ ಬಿದ್ದ, ಶಾಯಿ ತಾಗಿದ ನೋಟನ್ನು ಅಲ್ಲಿ ಮುಟ್ಟುವುದಿಲ್ಲ, ಸಣ್ಣ ನೋಟಿಗೆ ದರ ಕಡಿಮೆ. ಇಲ್ಲಿಂದಲೇ ರುಪಿಯಾ ಕೊಂಡೊಯ್ಯುತ್ತೇವೆ ಎನ್ನುವವರಿಗೆ ಸಿಗುವ ದರ ಚೆನ್ನಾಗಿರುವುದಿಲ್ಲ. ಇಳಿದ ದಿನದ ಟ್ಯಾಕ್ಸಿಗೂ ಊಟಕ್ಕೂ ಆಗುವಷ್ಟಿದ್ದರೆ ಆಯಿತು.

ಕಾರ್ಡಿನ ವಿಷಯದಲ್ಲಿ ಮನೆಯಲ್ಲೇ ಮುಗಿಸಬೇಕಾದ ಕೆಲಸಗಳಿವೆ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ನೀವೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದು, ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಬೇಕು. ಸಿಮ್ಮಿಗೆ ರೋಮಿಂಗ್ ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ. ಬಹುಪಾಲು ಕ್ರೆಡಿಟ್ ಕಾರ್ಡುಗಳು ವಿದೇಶದ ಪ್ರತಿ ಖರ್ಚಿನ ಮೇಲೆ ಎರಡರಿಂದ ಮೂರೂವರೆ ಶೇಕಡಾ ಹೆಚ್ಚುವರಿ ಹಿಡಿದು, ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಫೋರೆಕ್ಸ್ ಕಾರ್ಡ್ ಕೊಳ್ಳುವಾಗ ರುಪಿಯಾ ತುಂಬಿಸಬಹುದೇ ಎಂದು ಕೇಳಿ. ಡಾಲರ್ ಮಾತ್ರ ಎಂದರೆ ಅಲ್ಲಿ ಮತ್ತೊಮ್ಮೆ ಪರಿವರ್ತನೆಯ ಖರ್ಚು ಬೀಳುತ್ತದೆ. ಹೋಟೆಲಿನವರು ಠೇವಣಿಗೆಂದು ಕಾರ್ಡ್ ಕೇಳಿದರೆ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ಖಾತೆಯ ಹಣ ತಡೆಹಿಡಿಯಲ್ಪಟ್ಟು, ನೀವು ಊರಿಗೆ ಬಂದ ಮೇಲೂ ಕೆಲವು ದಿನ ಬಿಡುಗಡೆಯಾಗದೆ ಇರಬಹುದು.

ಬೆಂಗಳೂರಿನಲ್ಲಿ ಕೊತ್ತಂಬರಿ ಸೊಪ್ಪಿಗೂ ಫೋನ್ ತೋರಿಸುವ ಪೀಳಿಗೆ ನಿಮ್ಮದು. ಬಾಲಿಯ ಅಂಗಡಿಗಳಲ್ಲೂ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಅದು ಇಂಡೊನೇಷ್ಯಾದ ಸ್ವಂತ ವ್ಯವಸ್ಥೆ, ಹೆಸರು ಕ್ರಿಸ್, 2019ರಲ್ಲಿ ಬಂದದ್ದು. ನಿಮ್ಮ ಫೋನ್‌ಪೇ, ಜಿಪೇ ಅಲ್ಲಿ ನಡೆಯುತ್ತದೆಂದು ನಂಬಿಕೊಂಡು ಹೊರಡಬೇಡಿ. ಶ್ರೀಲಂಕಾ, ಮಾರಿಷಸ್‌ಗಳಲ್ಲಿ 2024ರ ಫೆಬ್ರವರಿಯಿಂದ ಯುಪಿಐ ಇದೆ ಎಂಬುದನ್ನು ಕೇಳಿ, ದ್ವೀಪಗಳೆಲ್ಲ ಒಂದೇ ಎಂದುಕೊಂಡವರನ್ನು ಕಂಡಿದ್ದೇನೆ.

ಈಗ ಡಾಲರ್ ಬದಲಾಯಿಸುವ ಅಂಗಡಿಗಳ ಕಥೆ. ಕೂಟಾದ ಒಂದು ಗಲ್ಲಿಯಲ್ಲಿ ನಾವು ನೀರಿನ ಬಾಟಲಿ ಕೊಳ್ಳುತ್ತಿದ್ದಾಗ ಕನ್ನಡ ಕಿವಿಗೆ ಬಿತ್ತು. ತುಮಕೂರು ಕಡೆಯ ಜೋಡಿ. ಬೊಂಬೆ, ಚಪ್ಪಲಿ ಮಾರುವ ಅಂಗಡಿಯ ಹಿಂಭಾಗದ ಮೇಜಿನಲ್ಲಿ ಹುಡುಗ ಮುನ್ನೂರು ಡಾಲರ್ ಬದಲಾಯಿಸಿಕೊಂಡು ಆಗಷ್ಟೇ ಬಂದಿದ್ದ, ಹುಡುಗಿ ಹೊರಗೆ ಬಟ್ಟೆ ನೋಡುತ್ತಿದ್ದಳು. ಬೋರ್ಡಿನ ದರ ಅಕ್ಕಪಕ್ಕದ ಎಲ್ಲರಿಗಿಂತ ಹೆಚ್ಚಿತ್ತು. ನಾನು ಹಳೆಯ ಅಭ್ಯಾಸದಿಂದ, ಎಲ್ಲಿ ಒಮ್ಮೆ ಎಣಿಸಿ ನೋಡಿ ಎಂದೆ. ಎಂಟು ನೀಲಿ ನೋಟು ಕಡಿಮೆ! ಅಂದರೆ ನಾಲ್ಕು ಲಕ್ಷ ರುಪಿಯಾ, ನಮ್ಮ ಎರಡು ಸಾವಿರಕ್ಕೂ ಮೇಲೆ. ‘ನಾನೇ ಎಣಿಸಿದ್ದೆ ಆಂಟಿ, ಸರಿಯಾಗಿತ್ತು’ ಎಂದ. ಅವನು ಸುಳ್ಳು ಹೇಳಲಿಲ್ಲ, ಅವನು ಎಣಿಸಿದಾಗ ಸರಿಯಾಗಿಯೇ ಇತ್ತು. ಮುನ್ನೂರು ಡಾಲರಿಗೆ ಐವತ್ತು ಲಕ್ಷದ ಆಸುಪಾಸು ರುಪಿಯಾ. ಅದನ್ನು ಬೇಕೆಂದೇ ಸಣ್ಣ ನೋಟಿನಲ್ಲಿ, ಹತ್ತು ಹತ್ತು ಲಕ್ಷದ ಗುಡ್ಡೆ ಮಾಡಿ ಕೊಡುತ್ತಾರೆ. ನೀವು ಎಣಿಸಿದ ಮೇಲೆ ‘ಇನ್ನೊಮ್ಮೆ ನೋಡಿಬಿಡುತ್ತೇನೆ’ ಎಂದು ಕಟ್ಟನ್ನು ತೆಗೆದುಕೊಂಡು ಮೇಜಿನ ಮೇಲೆ ತಟ್ಟಿ ಜೋಡಿಸುವಾಗ, ಹಿಂದಿನ ಕೆಲವು ನೋಟು ಮೇಜಿನ ಆಚೆ ಬಿದ್ದಿರುತ್ತವೆ. ನಾವು ನಾಲ್ವರೂ ಒಳಗೆ ಹೋಗಿ ನಿಂತೆವು. ಅಂಗಡಿಯವನು ಒಂದು ಮಾತೂ ವಾದ ಮಾಡದೆ ರುಪಿಯಾ ವಾಪಸ್ ತೆಗೆದುಕೊಂಡು ಡಾಲರ್ ಕೊಟ್ಟ. ವಾದ ಮಾಡದಿದ್ದುದೇ ಅವನ ರೂಢಿಯನ್ನು ಹೇಳುತ್ತಿತ್ತು.

ಹೀಗೆ ಮಾಡಿ. ಬ್ಯಾಂಕ್ ಇಂಡೊನೇಷ್ಯಾದ ಪರವಾನಗಿ ಫಲಕವಿರುವ, ರಸೀದಿ ಕೊಡುವ, ಗಾಜಿನ ಕೌಂಟರಿನ ಕಚೇರಿಗೇ ಹೋಗಿ. ಎಲ್ಲರಿಗಿಂತ ಹೆಚ್ಚು ದರ ತೋರಿಸುವ ಬೋರ್ಡನ್ನು ಕಂಡರೆ ಮುಂದೆ ನಡೆಯಿರಿ. ಲಕ್ಷದ ನೋಟುಗಳನ್ನೇ ಕೇಳಿ. ಇಬ್ಬರೂ ಒಳಗೆ ಹೋಗಿ, ಒಬ್ಬರು ಎಣಿಸುವಾಗ ಇನ್ನೊಬ್ಬರು ಆ ಮನುಷ್ಯನ ಕೈಗಳನ್ನು ನೋಡುತ್ತಿರಿ. ನೀವು ಎಣಿಸಿದ ಹಣ ಮತ್ತೆ ಅವನ ಕೈಗೆ ಹೋಗಬಾರದು. ಹೋದರೆ ಮೊದಲಿನಿಂದ ಎಣಿಸಿ, ನಾಚಿಕೆ ಬೇಡ.

ಎಟಿಎಂ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬ್ಯಾಂಕಿನ ಶಾಖೆಗೆ ಅಂಟಿಕೊಂಡ ಯಂತ್ರವನ್ನೇ ಬಳಸಿ. ಅಲ್ಲಿಯ ಹಲವು ಯಂತ್ರಗಳು ಮೊದಲು ಹಣ ಕೊಟ್ಟು ಆಮೇಲೆ ಕಾರ್ಡ್ ಕೊಡುತ್ತವೆ. ದುಡ್ಡು ಬಂತೆಂದು ತಿರುಗಿ ಹೊರಟರೆ ಕಾರ್ಡ್ ಒಳಗೇ ಉಳಿಯುತ್ತದೆ. ಒಬ್ಬರು ಹಣ ತೆಗೆದುಕೊಳ್ಳಿ, ಇನ್ನೊಬ್ಬರು ಕಾರ್ಡಿಗಾಗಿಯೇ ನಿಂತಿರಿ. ತೆಗೆದ ಪ್ರತಿ ಸಲವೂ ನಿಮ್ಮ ಬ್ಯಾಂಕ್ ಶುಲ್ಕ ಹಿಡಿಯುವುದರಿಂದ ಹತ್ತು ಸಲ ಚೂರುಪಾರು ತೆಗೆಯುವುದಕ್ಕಿಂತ ಎರಡು ಸಲ ದೊಡ್ಡದಾಗಿ ತೆಗೆಯುವುದು ಲೇಸು. ಎಟಿಎಂ ಆಗಲಿ, ಅಂಗಡಿಯ ಸ್ವೈಪ್ ಯಂತ್ರವಾಗಲಿ, ‘ಭಾರತದ ರೂಪಾಯಿಯಲ್ಲಿ ಪಾವತಿಸುವಿರಾ’ ಎಂದು ಕೇಳಿದರೆ ಬೇಡವೆನ್ನಿ, ರುಪಿಯಾದಲ್ಲೇ ಮಾಡಿ. ರೂಪಾಯಿ ಕಂಡ ಕೂಡಲೇ ನಮ್ಮದೆಂದು ಖುಷಿಯಾಗುವುದು ಸಹಜ. ಆದರೆ ಆ ಪರಿವರ್ತನೆಯ ದರ ಯಂತ್ರದವರದು, ಅದು ನಿಮ್ಮ ಜೇಬಿಗೆ ಭಾರ.

ಹೋಟೆಲಿನ ಬಿಲ್ಲು ಇನ್ನೊಂದು ಬಗೆ. ಮೆನುವಿನ ಬೆಲೆಯ ಪಕ್ಕದಲ್ಲೋ ಪುಟದ ಕೆಳಗೋ ಎರಡು ಕೂಡುವ ಚಿಹ್ನೆಗಳಿದ್ದರೆ, ತೆರಿಗೆಯೂ ಸೇವಾ ಶುಲ್ಕವೂ ಬೇರೆ ಎಂದರ್ಥ. ಹತ್ತು ಶೇಕಡಾ ಸೇವಾ ಶುಲ್ಕ, ಅದರ ಮೇಲೆ ಹತ್ತು ಶೇಕಡಾ ತೆರಿಗೆ ಬಿದ್ದರೆ ಎರಡು ಲಕ್ಷದ ಊಟ 2,42,000 ಆಗುತ್ತದೆ. ಸೇವಾ ಶುಲ್ಕ ಕೊಟ್ಟ ಮೇಲೆ ಟಿಪ್ಸ್ ಕೊಡಲೇಬೇಕೆಂದಿಲ್ಲ. ‘ವಾರುಂಗ್’ ಎಂಬ ಸಣ್ಣ ಊಟದ ಅಂಗಡಿಗಳಲ್ಲಿ ಈ ರಗಳೆ ಇರುವುದಿಲ್ಲ. ಅನ್ನ, ಪಲ್ಯ, ತೋಫು, ತೆಂಪೆ, ಮೇಲೊಂದಿಷ್ಟು ಖಾರದ ‘ಸಂಬಲ್’ ಸೇರಿದ ತಟ್ಟೆ ಮೂವತ್ತು ನಲವತ್ತು ಸಾವಿರ ರುಪಿಯಾಗೆ ಮುಗಿಯುತ್ತದೆ. ಮಾಂಸ, ಮೀನು ಬೇಡವೆನ್ನುವವರು ಮೊದಲೇ ಹೇಳಬೇಕು, ಸಂಬಲ್‌ನಲ್ಲೂ ಸಿಗಡಿ ಅರೆದಿರುತ್ತಾರೆ. ದಿನಕ್ಕೆರಡು ಹೊತ್ತು ಪನ್ನೀರು, ರೋಟಿ ಹುಡುಕಿ ಹೊರಟರೆ ಇದರ ಹಲವು ಪಟ್ಟು ಕೊಡಬೇಕಾಗುತ್ತದೆ. ಚಟ್ನಿಪುಡಿಯ ಪೊಟ್ಟಣ ಒಯ್ಯಿರಿ, ಉಳಿದದ್ದು ಅಲ್ಲಿಯದೇ ಇರಲಿ. ಮದ್ಯದ ಮೇಲೆ ಅಲ್ಲಿ ತೆರಿಗೆ ಜೋರು, ಹೊರದೇಶದ ಬಾಟಲಿಗಂತೂ ಕೇಳಬೇಡಿ.

ನಮ್ಮವರ ಒಂದು ಚಾಳಿ ನನಗೆ ಸರಿಬರುವುದಿಲ್ಲ, ನಿಷ್ಠುರವಾದರೂ ಹೇಳುತ್ತೇನೆ. ಉಬುದ್ ಸಂತೆಯಲ್ಲಿ ಸರೊಂಗ್ ಮಾರುವ ಹೆಂಗಸಿನ ಜೊತೆ ಐದು ಸಾವಿರ ರುಪಿಯಾಗೆ, ಅಂದರೆ ಮೂವತ್ತು ರೂಪಾಯಿಯೊಳಗಿನ ದುಡ್ಡಿಗೆ, ಅರ್ಧ ಗಂಟೆ ಎಳೆದಾಡುತ್ತಾರೆ. ಅದೇ ಜೋಡಿ ಸಂಜೆ ಸೆಮಿನ್ಯಾಕ್ ಅಥವಾ ಚಂಗುವಿನ ಬೀಚ್ ಕ್ಲಬ್ಬಿನಲ್ಲಿ ಹಾಸಿಗೆಯ ಮೇಲೆ ಒರಗಿ, ಅಲ್ಲಿ ಕೂರಲು ಕನಿಷ್ಠ ಇಷ್ಟು ಖರ್ಚು ಮಾಡಬೇಕೆಂಬ ಷರತ್ತನ್ನು ಕೇಳಿಕೊಳ್ಳದೆ, ಬಿಲ್ ಬಂದಾಗ ಲಕ್ಷಗಟ್ಟಲೆ ತೆಪ್ಪಗೆ ತೆತ್ತು ಬರುತ್ತದೆ. ಸಂತೆಯಲ್ಲಿ ಚೌಕಾಸಿ ಅಲ್ಲಿಯ ರೂಢಿಯೇ, ನಗುತ್ತಾ ಮಾಡಿ, ಬೇಗ ಮುಗಿಸಿ. ದನಿಯೆತ್ತಿ ಕೇಳಬೇಕಾದ ಪ್ರಶ್ನೆಯನ್ನು ಕ್ಲಬ್ಬಿನ ಬಾಗಿಲಲ್ಲಿ ಕೇಳಿ.

ಫೋಟೊಗಳಿಗಾಗಿ ಹೋಗುವ ಖರ್ಚನ್ನೂ ಒಮ್ಮೆ ಕೂಡಿ ನೋಡಿ. ಲೆಂಪುಯಾಂಗ್ ದೇವಸ್ಥಾನದ ದ್ವಾರದ ನಡುವೆ, ಕೆರೆಯಲ್ಲಿ ಪ್ರತಿಬಿಂಬ ಬಿದ್ದಂತೆ ನಿಂತ ಜೋಡಿಗಳನ್ನು ಇನ್‌ಸ್ಟಾಗ್ರಾಂನಲ್ಲಿ ನೋಡಿರುತ್ತೀರಿ. ಅಲ್ಲಿ ಕೆರೆಯೇ ಇಲ್ಲ. ಫೋಟೊ ತೆಗೆಯುವವನು ಫೋನಿನ ಕೆಳಗೆ ಕನ್ನಡಿ ಹಿಡಿಯುತ್ತಾನೆ. ಅದಕ್ಕಾಗಿ ಇಡೀ ದಿನದ ಕಾರು, ಪ್ರವೇಶ ಶುಲ್ಕ, ಗಂಟೆಗಟ್ಟಲೆ ಸರದಿ. ಗೊತ್ತಿದ್ದೂ ಇಷ್ಟಪಟ್ಟು ಹೋದರೆ ಸಂತೋಷ. ಗೊತ್ತಿಲ್ಲದೆ ಹೋಗಿ ಅಲ್ಲಿ ಮುಖ ಊದಿಸಿಕೊಳ್ಳುವುದು ಬೇಡ. ದಾರಿಯಲ್ಲಿ ಚಾಲಕ ಪುನುಗು ಬೆಕ್ಕಿನ ಕಾಫಿ ತೋಟಕ್ಕೂ ಕರೆದೊಯ್ಯುತ್ತಾನೆ. ಅಲ್ಲಿ ಸಣ್ಣ ಸಣ್ಣ ಲೋಟಗಳಲ್ಲಿ ಹಲವು ಬಗೆಯ ಚಹಾ, ಕಾಫಿ ಪುಕ್ಕಟೆಯಾಗಿ ಕೊಟ್ಟು, ಕೊನೆಗೆ ‘ಲುವಾಕ್’ ಕಾಫಿಯ ಪುಟ್ಟ ಪೊಟ್ಟಣಕ್ಕೆ ದೊಡ್ಡ ಬೆಲೆ ಹೇಳುತ್ತಾರೆ. ಚಾಲಕನಿಗೆ ಅಲ್ಲಿ ಕಮಿಷನ್ ಇರುವುದು ಗುಟ್ಟೇನಲ್ಲ. ಚಿಕ್ಕಮಗಳೂರು, ಕೊಡಗಿನ ನಾಡಿನಿಂದ ಹೋದವರು ಅಲ್ಲಿ ಕಾಫಿಗೆ ಮರುಳಾಗುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಸ್ಕೂಟರ್ ಬಾಡಿಗೆ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ. ಆರ್‌ಟಿಒ ಕಚೇರಿಯಲ್ಲಿ ಅದನ್ನು ಮಾಡಿಸಿಕೊಳ್ಳದವರು ಕಾರನ್ನೇ ಹಿಡಿಯಲಿ.

ದಿನದ ಖರ್ಚನ್ನು ಹಿಡಿತದಲ್ಲಿಡಲು ನಾನು ಹೇಳಿಕೊಡುವ ಉಪಾಯ ಸರಳ. ಒಂದು ರೂಪಾಯಿ ನಾಣ್ಯ ಅಂಟಿಸಿದ ಖಾಲಿ ಮುಯ್ಯಿ ಕವರುಗಳು ಮನೆಯಲ್ಲಿ ರಾಶಿ ಬಿದ್ದಿರುತ್ತವೆ. ಎಷ್ಟು ದಿನ ಇರುತ್ತೀರೋ ಅಷ್ಟು ಕವರು ತೆಗೆದುಕೊಂಡು, ನಗದನ್ನು ದಿನವಾರು ಹಂಚಿಡಿ. ಬೆಳಿಗ್ಗೆ ಆ ದಿನದ ಕವರ್ ಮಾತ್ರ ಹೊರಬರಲಿ. ಮಿಕ್ಕಿದ್ದು ನಾಳೆಯದಕ್ಕೆ ಸೇರುತ್ತದೆ. ಕಡಿಮೆಬಿದ್ದರೆ ನಾಳೆಯದರಿಂದ ತೆಗೆಯುವ ಮುನ್ನ ಇಬ್ಬರೂ ಒಪ್ಪಬೇಕು. ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಕಾರ್ಡಿನ ಖರ್ಚನ್ನೂ ಸೇರಿಸಿ ಫೋನಿನಲ್ಲಿ ಬರೆದುಕೊಳ್ಳಿ. ಬರೆಯುವ ಕೆಲಸ ಒಂದು ದಿನ ಇವರದು, ಮರುದಿನ ಅವರದು. ಒಬ್ಬರೇ ಲೆಕ್ಕ ಬರೆದು ಇನ್ನೊಬ್ಬರು ಬರೀ ಕೇಳಿಸಿಕೊಳ್ಳುವ ಮನೆಗಳಲ್ಲಿ ಜಗಳ ಹೇಗೆ ಹುಟ್ಟುತ್ತದೆಂದು ನಿಮ್ಮ ಅಪ್ಪ ಅಮ್ಮನನ್ನು ನೋಡಿಯೇ ಕಲಿತಿರಬಹುದು.

ಒಬ್ಬ ಹುಡುಗಿಯ ಕಥೆ ಹೇಳದೆ ಈ ಪತ್ರ ಮುಗಿಯದು. ಉಳಿದ ಡಾಲರ್ ಮಾರಲು ಕೌಂಟರಿಗೆ ಬಂದವಳು ಹೇಳಿದ್ದು. ಉಬುದ್‌ನಲ್ಲಿ ಗಂಡನಿಗೆ ರಾತ್ರಿಯಿಡೀ ವಾಂತಿ, ಭೇದಿ. ಅಲ್ಲಿ ಪ್ರವಾಸಿಗರಿಗೆ ಇದು ಮಾಮೂಲು. ಕ್ಲಿನಿಕ್‌ನವರು ಮೊದಲು ಹಣ ಕಟ್ಟಿ ಎಂದರು. ಎರಡೂ ಕಾರ್ಡ್ ಗಂಡನ ಪರ್ಸಿನಲ್ಲಿ, ಪಿನ್ ಅವನ ತಲೆಯಲ್ಲಿ, ಅವನಿಗೋ ಮೈಮೇಲೆ ಪ್ರಜ್ಞೆ ಇಲ್ಲ. ಅವಳದೇ ಸಂಬಳದ ಖಾತೆಯಿತ್ತು, ಆದರೆ ‘ಒಂದೇ ಕಾರ್ಡ್ ಸಾಕು’ ಎಂದು ತನ್ನದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಳು. ವಿಮೆ ಮಾಡಿಸಿದ್ದಾರೆಂದು ಗೊತ್ತಿತ್ತು, ಯಾವ ಕಂಪನಿಯದೆಂದು ಗೊತ್ತಿರಲಿಲ್ಲ. ಕೊನೆಗೆ ದುಡ್ಡು ಕಟ್ಟಿದ್ದು ಅವರು ಉಳಿದುಕೊಂಡಿದ್ದ ಮನೆಯ ಯಜಮಾನಿ. ಭಾಷೆ ಬಾರದ ಆ ಹೆಂಗಸಿನ ಒಳ್ಳೆಯತನವನ್ನು ಹೇಳುವಾಗ ಹುಡುಗಿಯ ಕಣ್ಣು ತುಂಬಿತ್ತು. ಅಂಥವರು ಸಿಗುತ್ತಾರೆಂಬ ಭರವಸೆಯ ಮೇಲೆ ಪ್ರವಾಸ ಹೊರಡುವುದಕ್ಕಾಗುತ್ತದೆಯೇ?

ಆದ್ದರಿಂದ ಹುಡುಗರೇ, ಹೆಂಡತಿಯ ಹೆಸರಿನಲ್ಲಿ, ಅವಳಿಗಷ್ಟೇ ಗೊತ್ತಿರುವ ಪಿನ್ ಇರುವ ಒಂದು ಕಾರ್ಡ್ ಅವಳ ಬ್ಯಾಗಿನಲ್ಲಿರಲಿ. ಹುಡುಗಿಯರೇ, ಅವರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಾಗಬೇಡಿ, ಕೇಳಿ ತಿಳಿದುಕೊಳ್ಳಿ. ನಗದನ್ನು ಇಬ್ಬರೂ ಹಂಚಿಕೊಂಡು ಇಟ್ಟುಕೊಳ್ಳಿ. ಇನ್ನೊಂದು ಕಾರ್ಡ್ ಮತ್ತು ನೂರು ಡಾಲರಿನ ಒಂದೆರಡು ನೋಟು ಹೋಟೆಲಿನ ಲಾಕರಿನಲ್ಲಿರಲಿ. ವಿಮೆಯ ಸಂಖ್ಯೆ, ಕಾರ್ಡ್ ಕಳೆದರೆ ಕರೆ ಮಾಡಬೇಕಾದ ಸಂಖ್ಯೆ ಕಾಗದದ ಮೇಲೆ ಬರೆದು ಇಬ್ಬರ ಹತ್ತಿರವೂ ಇಟ್ಟುಕೊಳ್ಳಿ. ನೂಸಾ ಪೆನಿಡಾದಂಥ ಪಕ್ಕದ ದ್ವೀಪಕ್ಕೆ ದೋಣಿ ಹತ್ತುವ ದಿನ ಕೈಯಲ್ಲಿ ನಗದು ಹೆಚ್ಚಿರಲಿ.

ಯುಗಾದಿಯ ಆಸುಪಾಸಿನಲ್ಲಿ ಹೋಗುವವರು ‘ನ್ಯೆಪಿ’ ಯಾವ ದಿನವಿದೆಯೆಂದು ನೋಡಿಕೊಳ್ಳಿ. ಬಾಲಿ ಹಿಂದೂಗಳ ಶಕ ಸಂವತ್ಸರದ ಹೊಸ ವರ್ಷ ಅದು, ಮೌನದ ದಿನ. 2023ರಲ್ಲಿ ಅದೂ ನಮ್ಮ ಯುಗಾದಿಯೂ ಮಾರ್ಚ್ 22ರಂದೇ ಬಿದ್ದಿದ್ದವು. ಅಂದು ಅಂಗಡಿ, ರಸ್ತೆ, ಕಡಲ ತೀರ, ವಿಮಾನ ನಿಲ್ದಾಣ ಎಲ್ಲ ಬಂದ್, ಪ್ರವಾಸಿಗರೂ ಹೋಟೆಲಿನಿಂದ ಹೊರಬರುವಂತಿಲ್ಲ. ಊಟ, ನೀರು, ನಗದು ಹಿಂದಿನ ದಿನವೇ ಸಿದ್ಧವಾಗಿರಬೇಕು. ಪ್ಯಾಕೇಜಿನವರು ಆ ದಿನಕ್ಕೂ ಸುತ್ತಾಟದ ದುಡ್ಡು ಹಿಡಿದಿದ್ದರೆ ಕಡಿತ ಮಾಡಿಸಿ.

ಉಡುಗೊರೆಗಳ ಪಟ್ಟಿಯನ್ನು ಇಲ್ಲಿಂದಲೇ ಬರೆದುಕೊಂಡು ಹೋಗಿ: ಅತ್ತೆ, ಮಾವ, ನಾದಿನಿ, ಮೈದುನ, ಆಫೀಸಿನವರು. ಎರಡೂ ಕಡೆಯವರಿಗೆ ಸಮನಾಗಿ ಒಂದು ಮೊತ್ತ ಗೊತ್ತುಮಾಡಿ. ವಿಮಾನ ನಿಲ್ದಾಣದಲ್ಲಿ, ಯಾರನ್ನೋ ಮರೆತೆವೆಂದು ಕಡೆಯ ಗಳಿಗೆಯಲ್ಲಿ ಕೊಳ್ಳುವ ವಸ್ತುವೇ ಎಲ್ಲಕ್ಕಿಂತ ದುಬಾರಿ. ಮಿಕ್ಕ ರುಪಿಯಾವನ್ನು ಅಲ್ಲೇ ಖರ್ಚು ಮಾಡಿ ಅಥವಾ ಬದಲಾಯಿಸಿ ಬನ್ನಿ, ಇಲ್ಲಿ ಅದಕ್ಕೆ ಗಿರಾಕಿ ಸಿಗುವುದು ಕಷ್ಟ. ಡಾಲರ್ ಉಳಿದರೆ 2,000ದವರೆಗೆ ಇಟ್ಟುಕೊಳ್ಳಬಹುದು, ಅದಕ್ಕೆ ಮೇಲಿನದನ್ನು 180 ದಿನದೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ಬಂದ ಕೂಡಲೇ ಕಾರ್ಡುಗಳ ವಿದೇಶಿ ಬಳಕೆಯನ್ನು ಮುಚ್ಚಿ. ಮುಂದಿನ ಎರಡು ತಿಂಗಳ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ನೋಡಿ, ನೀವು ಮಾಡದ ಖರ್ಚು ಕಂಡರೆ ಅಂದೇ ಬ್ಯಾಂಕಿಗೆ ತಿಳಿಸಿ.

ಈ ಪತ್ರವನ್ನು ನಿಮ್ಮಿಬ್ಬರಲ್ಲಿ ಒಬ್ಬರೇ ಓದಿದ್ದರೆ, ದಯವಿಟ್ಟು ಇನ್ನೊಬ್ಬರಿಗೂ ಕೊಡಿ. ಟಿಕೆಟ್ ಮಾಡಿಸುವುದಕ್ಕೆ ಮುಂಚೆಯೇ ಕೊಡಿ.

ಇಂತಿ ನಿಮ್ಮ ಹಿತೈಷಿ,
ವಿದೇಶಿ ವಿನಿಮಯ ವಿಭಾಗದ ನಿವೃತ್ತ ಬ್ಯಾಂಕ್ ಅಧಿಕಾರಿ
ಮೈಸೂರು